ಎರಡು ಸಲ ಕೈ ತಟ್ಟಿದರೆ

ಉಡುಮಲೈಪೇಟೆ,
ನವೆಂಬರ್ 11, 2024, ಸೋಮವಾರ

ನನ್ನ ಮುದ್ದಿನ ಅಪ್ಪಾ,

ಹೇಗಿದ್ದೀರಿ? ಎಡಗಿವಿಯೊಳಗಿನ ಗುಂಯ್ ಸದ್ದು ಕಡಿಮೆಯಾಯಿತಾ? ಡಾಕ್ಟರ್ ಕೊಟ್ಟ ಹನಿಯನ್ನು ದಿನಾ ಹಾಕಿಕೊಳ್ಳುತ್ತೀರಾ, ಇಲ್ಲ ಆ ಬಾಟಲಿ ಇನ್ನೂ ದೇವರ ಗೂಡಿನಲ್ಲೇ ಕೂತಿದೆಯಾ? ಅಮ್ಮನ ಮೊಣಕಾಲು ಹೇಗಿದೆ? ನಾಲ್ಕನೇ ಮಗ್ಗ ಈಗಲೂ ಮೊದಲಿನಂತೆ ನೂಲು ಕಡಿಯುತ್ತದಾ? ಫೋನಿನಲ್ಲಿ ಅಮ್ಮನನ್ನು ಯಾವಾಗ ಕೇಳಿದರೂ ಒಂದೇ ಉತ್ತರ: "ಎಲ್ಲಾ ನಲ್ಲಾ ಇದೆ ಕಣ್ಣು, ಅಪ್ಪ ತರಿ ಹತ್ರ ಇದ್ದಾರೆ." ಕರೆಂಟ್ ಇಲ್ಲದ ಭಾನುವಾರ ಸಂಜೆಯೂ ನೀವು ಮಗ್ಗದ ಹತ್ತಿರವೇ ಇರುತ್ತೀರಿ. ನನ್ನ ಮದುವೆಯಾದ ಐದು ತಿಂಗಳಿಂದ ಹೀಗೆ. ನನಗೆ ಅರ್ಥವಾಗದೆ ಇಲ್ಲ ಅಪ್ಪಾ.

ಅದಕ್ಕೇ ನೋಡಿ, ಕಾಗದ! ಅದೂ ಕನ್ನಡದಲ್ಲಿ! ಇಂಗ್ಲಿಷ್ ಮೀಡಿಯಂ ಓದಿದ ನಿಮ್ಮ ಮಗಳಿಗೆ ಒಂದು ಸಾಲು ಬರೆಯಲು ಎಷ್ಟು ಹೊತ್ತು ಹಿಡಿಯುತ್ತಿದೆ ಗೊತ್ತಾ! ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮಗ್ಗದ ಶೆಡ್ಡಿನ ಬಾಗಿಲ ಮೇಲೆ ನೀವು ಬರೆದು ತೋರಿಸಿದ ಅಕ್ಷರಗಳು. ಸೋಮನೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ಮನೆಯೊಳಗೆ ಕನ್ನಡ ಆಡುತ್ತಾರೆ, ಓದುವವರು ಮಾತ್ರ ನಾವಿಬ್ಬರೇ. ಏನು ಉಪಯೋಗ ಎಂದು ಆಗ ನಾನು ಅಳುತ್ತಿದ್ದೆ. ಇವತ್ತು ಉಪಯೋಗಕ್ಕೆ ಬಂತು. ಈ ಮನೆಯಲ್ಲಿ ಯಾರ ಕೈಗೆ ಸಿಕ್ಕಿದರೂ ಇದನ್ನು ಅವರು ಓದಲಾರರು.

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಆಗದೇ ಹೋದೀತು. ನಿಮ್ಮ ಅಳಿಯ ವಿಮಲ್ ತುಂಬಾ ತುಂಬಾ ಒಳ್ಳೆಯವರು ಅಪ್ಪಾ! ಬೆಳಿಗ್ಗೆ ನಾನು ಏಳುವ ಮೊದಲೇ ಕಾಫಿ ಇಳಿಸಿ ಇಟ್ಟಿರುತ್ತಾರೆ. ಹಿತ್ತಿಲಲ್ಲಿ ಆರು ತೆಂಗಿನ ಮರ ಇವೆ, ಪ್ರತಿಯೊಂದಕ್ಕೂ ನಾನೇ ಒಂದೊಂದು ಹೆಸರು ಇಟ್ಟಿದ್ದೇನೆ. ಭಾನುವಾರ ಅವರು ಚರ್ಚಿನಲ್ಲಿ ಕೀಬೋರ್ಡ್ ನುಡಿಸುವಾಗ ನನಗೆ ಎದ್ದು ಕುಣಿಯಬೇಕು ಅನ್ನಿಸುತ್ತಿತ್ತು. ಅನ್ನಿಸುತ್ತಿತ್ತು ಎಂದೇ ಬರೆಯಬೇಕು. ಅಕ್ಟೋಬರ್ ಇಪ್ಪತ್ತರವರೆಗೆ ಈ ಊರಿನಲ್ಲಿ ನನ್ನಷ್ಟು ಸಂತೋಷದ ಹುಡುಗಿ ಇನ್ನೊಬ್ಬಳು ಇರಲಿಲ್ಲ.

ಅಂತೋಣಿಯಮ್ಮಾಳ್ ಪಾಟಿಯನ್ನು ನೀವು ಮದುವೆಯಲ್ಲಿ ನೋಡಿದ್ದೀರಿ. ಅತ್ತೆಯ ತಾಯಿ, ಬಿಳಿ ಸೀರೆ, ಕೈಯಲ್ಲಿ ಸದಾ ಜಪಮಾಲೆ. ಚರ್ಚಿನಲ್ಲಿ ಎಲ್ಲರೂ ನನ್ಮೈ, ಅಂದರೆ ಪರಮಪ್ರಸಾದ, ತೆಗೆದುಕೊಳ್ಳಲು ಸಾಲಾಗಿ ಹೋದಾಗ, ಜ್ಞಾನಸ್ನಾನ ಆಗದ ನಾನು ಬೆಂಚಿನಲ್ಲಿ ಒಬ್ಬಳೇ ಉಳಿಯಬಾರದೆಂದು ಪಾಟಿ ತಾನು ಎಲ್ಲರಿಗಿಂತ ಮೊದಲು ಹೋಗಿ ಬೇಗ ವಾಪಸು ಬಂದು ನನ್ನ ಪಕ್ಕ ಕೂರುತ್ತಿದ್ದರು. "ಅಮ್ಮಿಣಿ, ಈಗ ಎದ್ದೇಳು, ಈಗ ಮೊಣಕಾಲೂರು" ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದರು. ಒಂದೇ ವಿಷಯಕ್ಕೆ ಅವರಿಗೆ ಸಿಟ್ಟು. ಈಗ ಪೂಸೆಯಲ್ಲಿ, ಚರ್ಚಿನ ಪೂಜೆಯಲ್ಲಿ, ಎಲ್ಲದಕ್ಕೂ ಕೈ ತಟ್ಟುತ್ತಾರೆ: ಹುಟ್ಟುಹಬ್ಬ, ಮದುವೆ ದಿನ, ಹೊಸ ಸ್ಪೀಕರ್ ಕೊಟ್ಟವರು, ಹಾಡಿದವರು. ಪಾಟಿ ಮಾತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ ಬಿಗಿಯಾಗಿ ಕೂತಿರುತ್ತಿದ್ದರು. "ಅಲ್ಲಿ ಪೀಠದ ಮೇಲೆ ಶಿಲುಬೇಲಿ ಒಬ್ಬ ಸಾಯ್ತಿದ್ದಾನೆ, ಇಲ್ಲಿ ಇವರು ಚಪ್ಪಾಳೆ ಹೊಡೀತಾರೆ. ನಾಟಕ ನೋಡೋಕೆ ಬಂದ್ರಾ?" ಎಂದು ಮನೆಗೆ ಬಂದ ಮೇಲೆ ವಿಮಲ್‌ಗೆ ಬೈಗುಳ. ಅವರು ನಗುತ್ತಾ "ಪಾಟೀ, ಆ ಮನುಷ್ಯ ಮೂರನೇ ದಿನ ಎದ್ದೂ ಬಂದ ಅಲ್ವಾ, ಅದಕ್ಕೆ ತಟ್ಟಬಾರದಾ?" ಎನ್ನುತ್ತಿದ್ದರು. ನಾನು ವಿಮಲ್ ಕಡೆ. ಶಾಲೆಯಲ್ಲಿ ಪ್ರತಿಯೊಂದಕ್ಕೂ ಕೈ ತಟ್ಟಿಯೇ ಬೆಳೆದವಳಲ್ಲವಾ? "ಸಂತೋಷ ಬಂದ್ರೆ ಕೈ ಸುಮ್ನೆ ಇರುತ್ತಾ ಪಾಟಿ?" ಎಂದು ನಾನೂ ಕೆಣಕುತ್ತಿದ್ದೆ. "ನಿನ್ನ ಕೈ ಸುಮ್ನೆ ಇರಲ್ಲ ಅಂತ ಊರಿಗೇ ಗೊತ್ತು ಅಮ್ಮಿಣಿ" ಎನ್ನುತ್ತಿದ್ದರು.

ಆದರೆ ಅಪ್ಪಾ, ನಮ್ಮ ಶೆಡ್ಡಿನಲ್ಲಿ ಕೈ ತಟ್ಟುವುದಕ್ಕೆ ಏನರ್ಥ ಎಂದು ನಾನು ಮರೆಯಬಾರದಿತ್ತು. ಎಂಟು ಮಗ್ಗ ಓಡುವಾಗ ಗಂಟಲು ಹರಿದರೂ ಯಾರಿಗೂ ಕೇಳಿಸುವುದಿಲ್ಲ. ಎರಡು ಸಲ ತಟ್ಟು, ತಡೆದು ಮತ್ತೆ ಎರಡು ಸಲ: ಎಲ್ಲೋ ಯಾರಿಗೋ ಅಪಾಯ, ಮೇನ್ ಸ್ವಿಚ್ ಆಫ್ ಮಾಡು. ವೇಲುಸಾಮಿ ಮಾಮನ ಹೆಗಲಿನ ಟವೆಲ್ ಬೆಲ್ಟಿಗೆ ಸಿಕ್ಕಿದ ದಿನ ರಾಮಾಯಿ ಅಜ್ಜಿ ಹಾಗೆ ತಟ್ಟಿದ್ದರಿಂದಲೇ ಮಾಮ ಇವತ್ತು ಬದುಕಿದ್ದಾರೆ. ಅಮ್ಮ ಊಟಕ್ಕೆ ಕೂಗಿದರೆ ಕೇಳದ ನಿಮ್ಮ ಕಿವಿಗೆ ಅದೊಂದು ಮಾತ್ರ ಕೇಳಿಸುತ್ತದೆ. ಆರನೇ ಕ್ಲಾಸಿನಲ್ಲಿ ಫಸ್ಟ್ ಬಂದೆ ಎಂದು ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಕೈ ತಟ್ಟಿದಾಗ ನೀವು ಸ್ವಿಚ್ಚಿನ ಕಡೆ ಓಡಿ ಬಿದ್ದು ಹಣೆ ಒಡೆದುಕೊಂಡಿರಿ. ಬೈಯಲೂ ಇಲ್ಲ. ರಕ್ತ ಒರೆಸಿಕೊಂಡು "ಪಾಪಾ, ಈ ಮನೆಯಲ್ಲಿ ಸಂತೋಷಕ್ಕೆ ಕೈ ತಟ್ಟಬಾರದು" ಎಂದಿರಿ.

ಇಷ್ಟು ಗೊತ್ತಿದ್ದೂ ಮದುವೆಯ ದಿನ ನಾನು ಮಾಡಬಾರದ್ದು ಮಾಡಿದೆ. ಫಾದರ್ ನಮ್ಮಿಬ್ಬರನ್ನು ಜನರ ಕಡೆ ತಿರುಗಿಸಿ ಎಲ್ಲರಿಗೂ ಕೈ ತಟ್ಟಲು ಹೇಳಿದರು. ಹಿಂದಿನ ಬೆಂಚಿನಲ್ಲಿ ಕಂಬದ ಪಕ್ಕ ಕೂತಿದ್ದ ನೀವು ತಟ್ಟನೆ ಎದ್ದು ಗೋಡೆಯ ಮೇಲೆ ಕೈ ಆಡಿಸುತ್ತಾ ಏನನ್ನೋ ಹುಡುಕಿದಿರಿ. ನಿಮ್ಮ ಮುಖ ಬೆಳ್ಳಗಾಗಿತ್ತು. ಪಕ್ಕದವರು ನಕ್ಕರು. "ಮಾಮ ಫ್ಯಾನ್ ಸ್ವಿಚ್ ಹುಡುಕ್ತಿದ್ದಾರೆ" ಎಂದು ವಿಮಲ್ ನಕ್ಕರು. ಅಪ್ಪಾ, ನಾನೂ ನಕ್ಕೆ. ನೀವು ಏನು ಹುಡುಕುತ್ತಿದ್ದೀರಿ ಎಂದು ಆ ಚರ್ಚಿನಲ್ಲಿ ನನಗೊಬ್ಬಳಿಗೆ ಗೊತ್ತಿತ್ತು, ಹಾಗಿದ್ದೂ ನಕ್ಕೆ. ನೀವು ಊಟಕ್ಕೆ ನಿಲ್ಲದೆ ಪಲ್ಲಡಂ ಬಸ್ಸು ಹತ್ತಿದಿರಿ. ಮಗಳು ಬೇರೆ ಜಾತಿಗೆ ಹೋದಳೆಂದು ನಿಮಗೆ ಕೋಪ ಎಂದು ಎಲ್ಲರೂ ಹೇಳಿದರು, ನಾನೂ ಹೌದೆಂದೆ. ಅದೇ ಸುಲಭವಾಗಿತ್ತು. ಕ್ಷಮಿಸಿ ಎಂಬ ಪದ ಬರೆಯುತ್ತಿದ್ದೇನೆ, ತುಂಬಾ ಸಣ್ಣದಾಗಿ ಕಾಣುತ್ತಿದೆ.

ಅಕ್ಟೋಬರ್ ಇಪ್ಪತ್ತು, ಹಾಡುವ ತಂಡಕ್ಕೆ ಇಪ್ಪತ್ತೈದು ವರ್ಷ ತುಂಬಿದ ಭಾನುವಾರ. ನನ್ಮೈ ಮುಗಿದು, ಕೊನೆಯ ಆಶೀರ್ವಾದಕ್ಕೆ ಮುಂಚೆ ಒಂದು ವಿಶೇಷ ಹಾಡು. ಹೊಸ ಸ್ಪೀಕರ್, ಡ್ರಮ್, ವಿಮಲ್‌ರ ಕೀಬೋರ್ಡ್. ಬೆಂಚೇ ನಡುಗುತ್ತಿತ್ತು, ನಮ್ಮ ಶೆಡ್ಡಿನಂತೆ. ಪಾಟಿ ಮೊಣಕಾಲೂರಿ ಮುಂದಿನ ಬೆಂಚಿಗೆ ಹಣೆ ಇಟ್ಟಿದ್ದರು. ಜಪಮಾಲೆ ಜಾರಿ ಬಿತ್ತು. ಎತ್ತಿಕೊಡಲು ಬಗ್ಗಿದಾಗ ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಗಿದ್ದು ಕಂಡಿತು, ಮೈಯೆಲ್ಲ ನನ್ನ ಮೇಲೆ ವಾಲಿತು. ನಾನು ಕಿರುಚಬೇಕಿತ್ತು. ಪಕ್ಕದವರನ್ನು ಹಿಡಿದು ಅಲುಗಾಡಿಸಬೇಕಿತ್ತು. ಅಪ್ಪಾ, ನನ್ನ ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಕೈ ಮೇಲೆದ್ದಿತು. ಎರಡು ಸಲ ತಟ್ಟಿದೆ. ತಡೆದು ಮತ್ತೆ ಎರಡು ಸಲ.

ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕು ತಾವೂ ತಟ್ಟಿದರು. ಅವರ ಮುಂದಿನವರು ಎದ್ದು ನಿಂತು ತಟ್ಟಿದರು. ಹಾಡಿನ ತಾಳಕ್ಕೆ ಇಡೀ ಚರ್ಚು ಎದ್ದು ನಿಂತಿತು. ಅಷ್ಟು ಬೆನ್ನುಗಳ ಹಿಂದೆ ಪಾಟಿ ಯಾರಿಗೂ ಕಾಣಲಿಲ್ಲ. ನಾನು ಇನ್ನೂ ಜೋರಾಗಿ ತಟ್ಟಿದೆ, ಅವರೂ ಇನ್ನೂ ಜೋರಾಗಿ ತಟ್ಟಿದರು. ವಿಮಲ್ ಅಲ್ಲಿಂದಲೇ ನನ್ನ ಕಡೆ ಕೈ ಬೀಸಿದರು. ಒಬ್ಬರೂ ಮೇನ್ ಆಫ್ ಮಾಡಲಿಲ್ಲ ಅಪ್ಪಾ. ಹಾಡು ಮುಗಿದು, ಚಪ್ಪಾಳೆ ಮುಗಿದು, ಎಲ್ಲರೂ ಕೂತ ಮೇಲೆ ನಾವಿಬ್ಬರೂ ನೆಲದ ಮೇಲೆ ಕಂಡೆವು. ಆಸ್ಪತ್ರೆ ತಲುಪುವಷ್ಟರಲ್ಲಿ ಪಾಟಿಗೆ ಉಸಿರು ಇರಲಿಲ್ಲ. ಕೂಡಲೇ ತಂದಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದರು ಡಾಕ್ಟರ್. ಅತ್ತೆಗೆ ಕೇಳಿಸಿದ್ದು "ಉಳಿಯುತ್ತಿದ್ದರು" ಎನ್ನುವುದಷ್ಟೇ. ನನಗೂ ದಿನಾ ಅಷ್ಟೇ ಕೇಳಿಸುತ್ತದೆ.

ಯಾರೋ ಆ ಹಾಡನ್ನು ಮೊಬೈಲಿನಲ್ಲಿ ಹಿಡಿದಿದ್ದಾರೆ. ಮನೆಯವರ ಗ್ರೂಪಿನಲ್ಲೆಲ್ಲ ಅದು ಓಡಾಡಿದೆ. ಒಂದು ಮೂಲೆಯಲ್ಲಿ ಪಾಟಿ ವಾಲುತ್ತಿದ್ದಾರೆ, ಪಕ್ಕದಲ್ಲಿ ನಾನು ಹಲ್ಲು ಕಾಣುವಂತೆ ಬಾಯಿ ತೆರೆದು ಎಲ್ಲರಿಗಿಂತ ಮೊದಲು ಕೈ ತಟ್ಟುತ್ತಿದ್ದೇನೆ. ನೋಡಿದವರು ನಗುತ್ತಿದ್ದಾಳೆ ಎಂದೇ ಹೇಳುತ್ತಾರೆ. ಅತ್ತೆ ಅವತ್ತಿನಿಂದ ನನ್ನ ಕೈಯಲ್ಲಿ ನೀರು ಕೂಡ ತೆಗೆದುಕೊಳ್ಳುವುದಿಲ್ಲ. "ನಮ್ಮಮ್ಮ ಸಾಯ್ತಾ ಇದ್ರೆ ತಾಳ ಹಾಕಿದೋಳು" ಎಂದು ಗೋಡೆಗೆ ಹೇಳುತ್ತಾರೆ. ವಿಮಲ್‌ಗೆ ಶೆಡ್ಡಿನ ವಿಷಯ ಎಲ್ಲಾ ಹೇಳಿದೆ. "ಕೈ ತಟ್ಟಿ ಯಾರಾದರೂ ಸಹಾಯಕ್ಕೆ ಕರೀತಾರಾ ಅಭಿ?" ಎಂದರು. ನಮ್ಮ ಅಪ್ಪ ಮದುವೆಯಲ್ಲಿ ಹುಡುಕಿದ್ದು ಫ್ಯಾನ್ ಸ್ವಿಚ್ ಅಲ್ಲ ಎಂದೆ. ಅವರು ಮುಖ ತಿರುಗಿಸಿಕೊಂಡರು. ಈಗ ಬೆಳಿಗ್ಗೆ ಕಾಫಿಯನ್ನು ನಾನೇ ಇಳಿಸಿಕೊಳ್ಳುತ್ತೇನೆ. ಅವರು ನನ್ನನ್ನು ನಂಬದೇ ಹೋದರೆ ಈ ಮನೆಯಲ್ಲಿ ನನಗೆ ಏನೂ ಉಳಿಯುವುದಿಲ್ಲ.

ಬರುವ ಸೋಮವಾರ, ಹದಿನೆಂಟನೇ ತಾರೀಖು, ಸಂಜೆ ಆರಕ್ಕೆ ಪಾಟಿಯ ಮೂವತ್ತನೇ ದಿನದ ಪೂಸೆ. ಕೊನೆಯಲ್ಲಿ ಅವರ ಬಾಳಿಗೆ ಗೌರವವಾಗಿ ಎಲ್ಲರೂ ಒಂದು ನಿಮಿಷ ಕೈ ತಟ್ಟೋಣ ಎಂದು ಫಾದರ್ ಹೇಳಿದ್ದಾರೆ. ಪಾಟಿ ಅದನ್ನು ಸಹಿಸುತ್ತಿರಲಿಲ್ಲ, ಗೊತ್ತು. ಆದರೂ ನನಗೆ ಅದು ಬೇಕು ಅಪ್ಪಾ. ನೀವು ಬಂದು ಅದೇ ಕಂಬದ ಪಕ್ಕ ಕೂತುಕೊಳ್ಳಿ. ಒಂದು ಮಾತೂ ಆಡಬೇಡಿ, ನನ್ನ ಮುಖವನ್ನೂ ನೋಡಬೇಡಿ. ಅವರು ತಟ್ಟಲು ಶುರುಮಾಡಿದರೆ ನಿಮ್ಮ ಮೈ ತಾನಾಗಿ ಏಳುತ್ತದೆ, ಕೈ ತಾನಾಗಿ ಗೋಡೆಗೆ ಹೋಗುತ್ತದೆ. ವಿಮಲ್ ಅದನ್ನು ನೋಡಿದರೆ ಸಾಕು.

ಅಮ್ಮನಿಗೆ ಮೊಣಕಾಲಿಗೆ ಶಾಖ ಕೊಟ್ಟುಕೊಳ್ಳಲು ಹೇಳಿ. ವೇಲುಸಾಮಿ ಮಾಮನಿಗೆ, ರಾಮಾಯಿ ಅಜ್ಜಿಗೆ ನನ್ನ ನಮಸ್ಕಾರ. ನಿಮ್ಮ ಹಣೆಯ ಆ ಗಾಯದ ಗುರುತಿಗೆ ಒಂದು ಮುತ್ತು.

ನಿಮ್ಮ ಪಾಪ,
ಅಭಿನಯಾ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ಬರೆಯುತ್ತಿದ್ದೇನೆ, ಅಂಚೆ ಹೋಗುವ ಹೊತ್ತಾಯಿತು. ಈಗಷ್ಟೇ ಫಾದರ್ ಹತ್ತಿರ ಹೋಗಿ ಬಂದೆ. ಮೂವತ್ತನೇ ದಿನ ಕೈ ತಟ್ಟಿಸಬೇಡಿ, ಪಾಟಿಗೆ ಅದು ಬೇಡವಾಗಿತ್ತು ಎಂದು ಹೇಳಿಬಿಟ್ಟೆ. ಸೆರಗಿನೊಳಗೆ ಬಿಗಿದುಕೊಂಡಿದ್ದ ಪಾಟಿಯ ಆ ಕೈಗಳ ಎದುರಿಗೆ ನನ್ನ ಸಾಕ್ಷಿಗಾಗಿ ಜನರಿಂದ ಮತ್ತೆ ತಟ್ಟಿಸಲು ನನ್ನಿಂದ ಆಗಲಿಲ್ಲ. ಫಾದರ್ ಒಪ್ಪಿದರು. ಹಾಗಾಗಿ ಈಗ ನೀವು ಸುಮ್ಮನೆ ಬಂದು ಕೂತರೆ ಸಾಲದು ಅಪ್ಪಾ, ಬಾಯಿ ಬಿಟ್ಟು ಹೇಳಬೇಕು. ಮದುವೆಯ ದಿನ ಹುಡುಕಿದ್ದು ಯಾವ ಸ್ವಿಚ್ ಎಂದು, ತಮಿಳಿನಲ್ಲಿ, ವಿಮಲ್ ಮತ್ತು ಅತ್ತೆಯ ಎದುರಿಗೆ. ಎರಡು ಗಂಟೆಯ ಪಲ್ಲಡಂ ಬಸ್ಸು ಹಿಡಿದರೆ ಸಮಯಕ್ಕೆ ಸರಿಯಾಗುತ್ತದೆ. ಬನ್ನಿ. ಇಲ್ಲಿ ಯಾರೂ ಕೈ ತಟ್ಟುವುದಿಲ್ಲ.