ಸಮುದ್ರಕ್ಕೆ ಒಯ್ದ ಖಣ

೯ ಡಿಸೆಂಬರ್ ೨೦೨೪, ಸೋಮವಾರ. ಹನೋಯ್, ಬೆಳಿಗ್ಗೆ

ನಮ್ಮ ಇಂಡಿ ಊರಿನಿಂದ ಒಂದು ಬಸ್ಸಿನಷ್ಟು ಮಂದಿ. ಚೇತನಕುಮಾರರ ಟೂರ್. ಹಿಂದಿನ ವರ್ಷಗಳಲ್ಲಿ ಕಾಶಿ, ಶ್ರೀಶೈಲ; ಈಗ ವಿಯೆಟ್ನಾಂ. ಮಾವ ಕೊನೆಗೆ ವಿಮಾನ ಹತ್ತಲು ಒಪ್ಪಲಿಲ್ಲ. ಅವರ ಬದಲು ನಾನು. ಅತ್ತೆ ಹೊನ್ನವ್ವ ಹೋಟೆಲಿನ ತಿಂಡಿ ಮುಟ್ಟಲಿಲ್ಲ. ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿಯೇ. ಮೊಸರು ಎಲ್ಲಿ ಸಿಗುತ್ತದೆ ಎಂದು ಚೇತನಕುಮಾರರಿಗೆ ಗಂಟುಬಿದ್ದಿದ್ದಾರೆ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಅತ್ತೆಯ ಚೀಲದಿಂದ ಒಣಕೊಬ್ಬರಿ ತೆಗೆಸಿದರು. ವಿಮಾನದಲ್ಲಿ ನಡೆಯುವುದಿಲ್ಲವಂತೆ. ಉಡಿ ತುಂಬುವ ಸಾಮಾನು ಅದು. ಉಳಿದದ್ದು ಗುಳೇದಗುಡ್ಡದ ಹಸಿರು ಕುಪ್ಪಸದ ಖಣ, ಅಕ್ಕಿ, ಉತ್ತತ್ತಿ, ಅರಿಶಿನ ಬೇರು. ಸಮುದ್ರವೂ ಗಂಗವ್ವನೇ, ಬರಿಗೈಯಲ್ಲಿ ನೋಡಬಾರದು ಎನ್ನುತ್ತಾರೆ.

ಅತ್ತೆಗೆ ಇಲ್ಲಿಯೇ ಹೇಳಿಬಿಡಬೇಕು. ಮನೆಯಲ್ಲಿ ಬಾಯಿ ಬರುವುದಿಲ್ಲ. ಮುದ್ದೇಬಿಹಾಳದ ಮಾಸ್ತರ ಗುರುನಾಥರು ಮದುವೆಯಾಗುತ್ತೀರಾ ಎಂದು ನನ್ನನ್ನು ಕೇಳಿದ್ದು ದೀಪಾವಳಿಯಲ್ಲಿ. ಟೂರ್ ಮುಗಿಸಿ ಬಂದು ಉತ್ತರ ಕೊಡುತ್ತೇನೆ ಎಂದಿದ್ದೇನೆ. ಅವರು ಕೊಟ್ಟ ರಷ್ಯನ್ ಕಾದಂಬರಿ ಜೊತೆಗಿದೆ. ಒಳ್ಳೆಯ ಅನುವಾದ. ಮುಂದೆ ಸಾಗುತ್ತಿಲ್ಲ.

ಗಂಡ ಅಮಿತ ತೀರಿಕೊಂಡು ಆರು ವರ್ಷ. ಅತ್ತೆ ಮಾವನಿಗೆ ಒಬ್ಬನೇ ಮಗ. ಅವನ ತಾಯಿಗೆ, ಅವನ ಹೆಂಡತಿಯಾದ ನಾನು, ಈ ಮಾತನ್ನು ಯಾವ ವಾಕ್ಯದಿಂದ ಶುರುಮಾಡಬೇಕು…

೧೦ ಡಿಸೆಂಬರ್. ಹಾ ಲಾಂಗ್ ಕೊಲ್ಲಿ, ಸಂಜೆ

ಓದಿದ ಕಾದಂಬರಿಗಳಲ್ಲಿ ಸಮುದ್ರ ನೀಲಿ, ಗರ್ಜಿಸುತ್ತದೆ. ಇದು ಹಸಿರು. ಅಲೆಯೇ ಇಲ್ಲ. ಸುಣ್ಣಕಲ್ಲಿನ ಗುಡ್ಡಗಳು ನೀರಿನಿಂದ ನೆಟ್ಟಗೆ ಎದ್ದು ನಿಂತಿವೆ, ನೆತ್ತಿಯ ಮೇಲೆ ಪೊದೆ. ಒಂದರ ಹಿಂದೆ ಒಂದು, ದೂರ ಹೋದಷ್ಟೂ ಬಣ್ಣ ತೆಳು. ಅತ್ತೆ ದೋಣಿಯ ಕಂಬಿ ಹಿಡಿದು ಬಹಳ ಹೊತ್ತು ನೋಡಿದರು. ಕೆರೆಯಲ್ಲಿ ಎಮ್ಮೆಗಳು ಬಿದ್ದುಕೊಂಡ ಹಾಗಿದೆ ಎಂದರು. ಎಲ್ಲಕ್ಕಿಂತ ದೊಡ್ಡ ನಡುಗಡ್ಡೆಗೆ ಗೌರವ್ವ ಎಂದು ಹೆಸರಿಟ್ಟರು. ಗೌರವ್ವ ಎಂದರೆ ಹಲಸಂಗಿಯಿಂದ ತಂದಿದ್ದ ನಮ್ಮ ಎಮ್ಮೆ, ಒದೆಯುತ್ತಿತ್ತು.

ನಂತರ ಚೀಲದಿಂದ ಖಣ ತೆಗೆದು, ಹಿಡಿ ಎಂದು ನನ್ನತ್ತ ಚಾಚಿದರು. ಹಿಂದೆ ಸರಿದೆ. ಗಂಡ ಇಲ್ಲದವಳು ಉಡಿಯ ಸಾಮಾನು ಮುಟ್ಟುವುದಿಲ್ಲ. ಯಾರೂ ಹೇಳಬೇಕಿಲ್ಲ, ಕೈಗೇ ರೂಢಿಯಾಗಿದೆ. ಅಷ್ಟರಲ್ಲಿ ದೋಣಿಯವರು ಓಡಿಬಂದು ಬೇಡ ಎಂದು ಕೈಯಾಡಿಸಿದರು. ನೀರಿಗೆ ಏನೂ ಹಾಕುವಂತಿಲ್ಲ, ದಂಡ. ಚೇತನಕುಮಾರರು ಎಲ್ಲರಿಗೂ ಕೈಮುಗಿದರು. ಅತ್ತೆ ಸಾಮಾನು ಮಡಚಿ ಒಳಗಿಟ್ಟರು.

ಆಮೇಲೆ ನನ್ನೊಡನೆ ಮಾತಿಲ್ಲ. ನಿನ್ನೆ ಗುರುನಾಥರ ಕರೆ ಬಂದಾಗ ಫೋನ್ ಹಿಡಿದು ವರಾಂಡಕ್ಕೆ ಹೋದದ್ದನ್ನು ನೋಡಿದರೇ? ಸಿಟ್ಟೇ? ನಾನು ಹೇಳಬೇಕಾದದ್ದನ್ನು ಇವತ್ತೂ ಹೇಳಲಿಲ್ಲ.

೧೨ ಡಿಸೆಂಬರ್

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಒಂದು ನಡುಗಡ್ಡೆಗೆ ಇಳಿಸಿದರು. ತುದಿಯವರೆಗೆ ಮೆಟ್ಟಿಲು. ಎಲ್ಲರೂ ಹತ್ತಿಹೋದರು. ಅತ್ತೆ ಅರ್ಧಕ್ಕೆ ಮಂಡಿ ಹಿಡಿದು ಕೂತರು, ಪಕ್ಕದಲ್ಲಿ ನಾನು. ಇದೇ ಸಮಯ ಎನಿಸಿತು. ಒಂದು ಮಾತಿದೆ ಅತ್ತಿ, ಎಂದೆ. ಅವರು ಚೀಲ ಬಿಚ್ಚಿದರು. ನನ್ನ ಹೆಗಲಿನಿಂದ ವೇಲ್ ಎಳೆದು ನನ್ನ ಮಡಿಲಲ್ಲಿ ಹರಡಿದರು. ಟೂರಿಗೆಂದೇ ಹೊಲಿಸಿದ ಚೂಡಿದಾರ. ಅದಕ್ಕೆ ಸೆರಗಿಲ್ಲ. ಖಣ, ಅಕ್ಕಿ, ಉತ್ತತ್ತಿ, ಅರಿಶಿನ ಬೇರು ಹಾಕಿದರು. ಕೊಬ್ಬರಿಯ ಜಾಗಕ್ಕೆ ದೋಣಿಯಲ್ಲಿ ಕೊಟ್ಟ ಕಿತ್ತಳೆ.

“ನನಗ ನಡಿಯೂದಿಲ್ಲ ಅತ್ತಿ, ಇದು.”

“ತವರ ಬಿಟ್ಟು ಹೋಗಾಕಿ ಬರೀ ಉಡೀಲೆ ಹೋಗಬಾರದು.”

ಕೆಳಗೆ ಯಾವುದೋ ದೋಣಿ ಹಾರ್ನ್ ಹಾಕಿತು. ಯಾರು ಹೇಳಿದರು ಎಂದು ಕೇಳಿದೆ.

“ಯಾರ್ ಹೇಳಬೇಕು? ಮೊದಲೆಲ್ಲಾ ಎರಡ ದಿನಕ್ಕ ಒಂದ ಬುಕ್ಕ ಓದಿ ಒಗೀತಿದ್ದಿ. ಆ ಮಾಸ್ತರ ಕೊಟ್ಟ ಬುಕ್ಕ ದೀಪಾವಳಿಯಿಂದ ಹಂಗ ಮಡಿಲಾಗಿಟಕೊಂಡ ಕುಂತೀದಿ.”

ಮೊನ್ನೆಯೂ ಅವರು ಖಣ ಚಾಚಿದ್ದು ನನ್ನ ಉಡಿ ತುಂಬಲೆಂದೇ. ಗಂಗವ್ವನ ನೆಪ. ನಾನು ಕೈ ಹಿಂದೆಗೆದದ್ದಕ್ಕೆ ಅವರು ಸುಮ್ಮನಾದದ್ದು, ಸಿಟ್ಟಲ್ಲ.

ಹೋಗುವುದಿಲ್ಲ, ನಿಮ್ಮ ಜೊತೆಗೇ ಇರುತ್ತೇನೆ ಎಂದೆ. ಆ ಕ್ಷಣಕ್ಕೆ ನಿಜವಾಗಿಯೂ ಹಾಗೆಯೇ ಅನಿಸಿತ್ತು. ಅತ್ತೆ ಗುಡ್ಡಗಳ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡರು.

“ಹುಚ್ಚರಂಗ ಮಾತಾಡಬ್ಯಾಡ. ನಾಗರ ಪಂಚಮಿಗಿ ಮಾತ್ರ ತವರಂತ ನಮ್ಮ ಮನಿಗೇ ಬರಬೇಕು. ಉಂಡಿ ನಾನ ಕಟ್ಟತೇನಿ.”

ಬಾಯಿ ಒಣಗಿದೆ, ಕಿತ್ತಳೆ ಸುಲಿ ಎಂದರು. ಉಡಿಯದು, ಎಂದೆ. ಕೊಬ್ಬರಿ ಆಗಿದ್ದರೆ ಇಡಬಹುದಿತ್ತು, ಇದು ಕೊಳೆಯುತ್ತದೆ ಎಂದರು. ಅರ್ಧರ್ಧ ತಿಂದೆವು. ಹುಳಿ. ಸಿಪ್ಪೆಯನ್ನು ಚೀಲದಲ್ಲಿ ಹಾಕಿಕೊಂಡರು. ಇಲ್ಲಿಯವರು ದಂಡ ಹಾಕುತ್ತಾರಲ್ಲ.

೧೩ ಡಿಸೆಂಬರ್. ಹನೋಯ್ ವಿಮಾನ ನಿಲ್ದಾಣ

ಅತ್ತೆ ಕುರ್ಚಿಯಲ್ಲೇ ನಿದ್ದೆ. ರೊಟ್ಟಿ ಗಂಟು ಖಾಲಿ. ಖಣ ಸೂಟ್‌ಕೇಸಿಗೆ ಹಾಕಲಿಲ್ಲ, ಕೈಚೀಲದಲ್ಲಿದೆ. ನಿನ್ನೆ ರಾತ್ರಿ ಕಾದಂಬರಿ ಒಂದು ಅಧ್ಯಾಯ ಮುಂದೆ ಹೋಯಿತು.

ಹೈದರಾಬಾದಿಗೆ ಇಳಿದ ಕೂಡಲೇ ಗುರುನಾಥರಿಗೆ ಫೋನ್. ಮೆಸೇಜ್ ಅಲ್ಲ. ಹೌದು ಎಂದಷ್ಟೇ ಹೇಳುವುದು, ವಿವರಣೆ ಬೇಡ. ಮಾವನಿಗೆ ತಾನು ಹೇಳುತ್ತೇನೆ ಎಂದಿದ್ದಾರೆ ಅತ್ತೆ. ಬೇಡ. ಅತ್ತೆಯ ಬಾಯಿಂದ ಕೇಳಬಾರದು ಮಾವ. ಮನೆಗೆ ಹೋದವಳೇ, ಕೈಕಾಲು ತೊಳೆದು, ಚಹಾ ಕೊಟ್ಟು, ನಾನೇ ಎದುರಿಗೆ ಕೂತು—

ವಿಮಾನ ಹತ್ತಲು ಕರೆಯುತ್ತಿದ್ದಾರೆ. ಅತ್ತೆಯನ್ನು ಎಬ್ಬಿಸಬೇಕು.