ವಿಳಂಬಕ್ಕೆ ಕಾರಣ

ಸನ್ಮಾನ್ಯ ನ್ಯಾಯಮೂರ್ತಿಗಳೇ, ನೆರೆದ ಮಹಾಜನಗಳೇ, ಮತ್ತು ಇವರ್ಯಾರೂ ಇಲ್ಲದ ಈ ಕೋಣೆಯಲ್ಲಿ ನನ್ನ ಅಹವಾಲು ಕೇಳಬೇಕಾಗಿದ್ದ ಅಮ್ಮಾ,

ಕಾನೂನಿನ ಪಿಎಚ್.ಡಿ.ಗೆ ಇನ್ನೊಂದು ವರ್ಷ ಕಾಲಾವಕಾಶ ಬೇಡಲು ಇವತ್ತು ಸಮಿತಿಯ ಮುಂದೆ ನಿಂತಿದ್ದೆ. ಕೊಡದಿದ್ದರೆ ನೋಂದಣಿಯೇ ರದ್ದು. ನನ್ನ ವಿಷಯ ನಿನಗೆ ಗೊತ್ತಲ್ಲ, ನ್ಯಾಯಾಲಯಗಳಲ್ಲಿ ಆಗುವ ವಿಳಂಬ. ಗೈಡು ನಕ್ಕರು: "ವಿಳಂಬದ ಮೇಲೆ ಬರಿ ಅಂದ್ರೆ ನೀನೇ ಉದಾಹರಣೆ ಆಗ್ಬಿಟ್ಯಲ್ಲಯ್ಯಾ!"

"ವಿಳಂಬಕ್ಕೆ ಕಾರಣ ಕುಟುಂಬ, ಸಾರ್," ಎಂದೆ. ಪ್ರಾಸಕ್ಕೆ ಯಾರೂ ನಗಲಿಲ್ಲ. ನೀನು ಹಾಸಿಗೆ ಹಿಡಿದದ್ದನ್ನೂ, ನಿನ್ನನ್ನು ನೋಡಿಕೊಳ್ಳಲು ನಾನೊಬ್ಬನೇ ಇದ್ದದ್ದನ್ನೂ ಹೇಳಿದೆ. ಅಧ್ಯಕ್ಷರು ವಕೀಲಿಕೆ ಮಾಡಿದವರು. ತಡವಾದ ದಿನದಿನಕ್ಕೂ ಕಾರಣ ಕೇಳುವುದು ಅವರ ಹಳೆಯ ಚಾಳಿ.

"ಸರಿಯಪ್ಪಾ, ತಾಯಿ ಹೋದ ವರ್ಷವೇ ತೀರ್ಕೊಂಡ್ರಲ್ಲ. ಆಮೇಲಿನ ತಡ ಯಾರ ತಲೆಗೆ ಕಟ್ಟೋಣ?"

"ಬೇಕಾದ ಪುಸ್ತಕಗಳು ಸಿಗಲಿಲ್ಲ, ಸಾರ್."

ಒಂದು ವರ್ಷ ಕೊಟ್ಟರು. ಮೆಟ್ಟಿಲಿಳಿಯುವಷ್ಟರಲ್ಲೇ ಆ ವರ್ಷ ಹೆಗಲಿಗೆ ಭಾರವಾಯಿತು.

ಸುಳ್ಳು ಹೇಳಿದೆ, ಅಮ್ಮಾ. ಪುಸ್ತಕಗಳೆಲ್ಲ ಮೇಜಿನ ಮೇಲೇ ಇವೆ. ಒಂದು ಪುಟ ತೆರೆದರೆ ಸಾಕು, ಪಕ್ಕದ ಕೋಣೆಯಿಂದ ನೀನು ಕರೆಯಲಿ ಎಂದು ಕಾಯುತ್ತಾ ಕೂತುಬಿಡುತ್ತೇನೆ.