ಕಂಪ್ಯೂಟರ್ ಜಾಲವೂ ಕರೆಂಟಿನ ಜಾಲವೂ ಒಂದೇ ಎಂದವರಿಗೆ

ಸ್ನಾತಕೋತ್ತರ ಅಧ್ಯಯನ ವಿಭಾಗದ ಮಾನ್ಯ ನಿರ್ದೇಶಕರೇ,

ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಲು ನಿಮ್ಮಲ್ಲಿಗೆ ಬಂದ ನನ್ನ ಅಕ್ಕನನ್ನು ಒಂದೇ ಪುಟದ ಆದೇಶದಿಂದ ಕಂಪ್ಯೂಟರ್ ವಿಭಾಗಕ್ಕೆ ಅಟ್ಟಿದ್ದೀರಿ. ಅವಳು ಆರಿಸಿಕೊಂಡ ಐಚ್ಛಿಕ ಶಾಖೆ ‘ವಿದ್ಯುತ್ ಜಾಲ ಸಂರಕ್ಷಣೆ’. ನೀವು ದಯಪಾಲಿಸಿದ್ದು ‘ಗಣಕ ಜಾಲ ಸುರಕ್ಷತೆ’. ಇವೆರಡೂ ತತ್ಸಮಾನ ವಿಷಯಗಳೆಂದು ನಿಮ್ಮ ಐದು ಮಂದಿಯ ಸಮಿತಿ ಸಹಿ ಹಾಕಿದೆ. ಒಬ್ಬರು ತಪ್ಪು ಮಾಡಿದ್ದರೆ ಕಣ್ತಪ್ಪು ಎನ್ನಬಹುದಿತ್ತು. ಐದು ಜೋಡಿ ಕಣ್ಣು ಒಟ್ಟಿಗೆ ತಪ್ಪುವುದಕ್ಕೆ ಸಾಕಷ್ಟು ಅಭ್ಯಾಸ ಬೇಕು. ಅಭಿನಂದನೆಗಳು.

ಆದೇಶ ಕೈಗೆ ಬಂದ ದಿನ ಅಕ್ಕನ ಜೊತೆ ನಿಮ್ಮ ಕಚೇರಿಗೆ ನಾನೂ ಬಂದಿದ್ದೆ. ಮೂರನೇ ಕಿಟಕಿಯ ಗುಮಾಸ್ತರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಏನಮ್ಮಾ ತೊಂದರೆ? ಅದರಲ್ಲೂ ಜಾಲ ಇದೆ, ಇದರಲ್ಲೂ ಜಾಲ ಇದೆ. ಅಲ್ಲೂ ರಕ್ಷಣೆ, ಇಲ್ಲೂ ರಕ್ಷಣೆ” ಅಂದರು.

“ಸರ್, ಇದು ಕಂಪ್ಯೂಟರಿಂದು. ನಾನು ಕೇಳಿದ್ದು ಕರೆಂಟಿಂದು” ಅಂದಳು ಅಕ್ಕ.

“ಕಂಪ್ಯೂಟರ್ ಏನು ಸೀಮೆಎಣ್ಣೇಲಿ ಓಡುತ್ತಾ?”

ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಒಳ್ಳೆಯ ಮಾತೇ, ನಾನೂ ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ಆ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ಅವರು ಪದಗಳನ್ನು ಹೊಂದಿಸಿ ನೋಡಿದರು, ಅದು ಅವರ ಕೆಲಸ. ನಿಮ್ಮ ಸಮಿತಿಯವರು ದೊಡ್ಡ ದೊಡ್ಡ ಪದವಿ ಇಟ್ಟುಕೊಂಡು ಅದಕ್ಕಿಂತ ಒಂದಿಂಚು ಹೆಚ್ಚು ನೋಡಿದ್ದರೆಂಬ ಗುರುತು ಎಲ್ಲಿದೆ, ಅಷ್ಟು ಹೇಳಿ.

ವಿಷಯವೇನೆಂದು ನಿಮಗೆ ವಿವರಿಸಬೇಕಾಗಿ ಬಂದಿರುವುದಕ್ಕೆ ಕ್ಷಮಿಸಿ. ನಾನು ಕಾಲೇಜು ಕಂಡವನಲ್ಲ. ಕಿರುಹೊತ್ತಿಗೆಗಳನ್ನು ಓದಿ, ಅಕ್ಕನನ್ನು ಕೇಳಿ ತಿಳಿದುಕೊಂಡಿದ್ದು ಇಷ್ಟು. ವಿದ್ಯುತ್ ತಂತಿ ಕಡಿದರೆ, ಒಂದಕ್ಕೊಂದು ತಗುಲಿದರೆ, ಅದನ್ನು ರಿಲೇ ಎಂಬ ಪೆಟ್ಟಿಗೆ ಗುರುತಿಸಬೇಕು. ಗುರುತಿಸಿ ಬ್ರೇಕರಿಗೆ ಹೇಳಬೇಕು. ಬ್ರೇಕರ್ ಆ ಲೈನಿನ ಕರೆಂಟನ್ನು ಕಡಿದು ಹಾಕಬೇಕು; ಇದಕ್ಕೇ ಟ್ರಿಪ್ ಎನ್ನುವುದು, ಸಬ್‌ಸ್ಟೇಷನ್ನಿನ ಪ್ಯಾನೆಲ್ ಎಂಬ ಹಲಗೆಯ ಮೇಲೆ ಅದು ಕಾಣುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು. ಆದರೆ ತಂತಿ ಒಣನೆಲದ ಮೇಲೆ ಬಿದ್ದರೆ ಹರಿಯುವ ಕರೆಂಟು ತೀರ ಕಡಿಮೆ. ಪೆಟ್ಟಿಗೆಗೆ ಅದು ಕಾಣುವುದೇ ಇಲ್ಲ. ಮುಟ್ಟಿದವನಿಗೆ ಮಾತ್ರ ಗೊತ್ತಾಗುತ್ತದೆ.

ನನ್ನ ಅಕ್ಕ ಆರು ವರ್ಷದಿಂದ ಒಂದು ಸಬ್‌ಸ್ಟೇಷನ್ನಿನಲ್ಲಿ ಕಿರಿಯ ಎಂಜಿನಿಯರ್. ಹೋದ ವರ್ಷ ಒಂದು ಬೆಳಿಗ್ಗೆ ಹತ್ತೂವರೆಗೆ ಅವಳ ಮೇಜಿನ ಫೋನು ಬಡಿದುಕೊಂಡಿತು. ಆ ಕಡೆ ಅವರ ಹಿರಿಯ ಲೈನ್‌ಮನ್. ಅವಳು ಅವರನ್ನು ಕರೆಯುವುದು ಅಣ್ಣ ಎಂದೇ. ಇಟ್ಟಿಗೆ ಗೂಡಿನ ಹಿಂದಿನ ದಾರಿಯಲ್ಲಿ ತಂತಿ ಬಿದ್ದಿದೆ ಎಂದು ಯಾರೋ ಹೇಳಿದ್ದರಿಂದ ಅವರು ಅಲ್ಲಿಗೆ ಹೋಗಿದ್ದರು.

“ಪ್ಯಾನೆಲ್‌ನಲ್ಲಿ ಏನಾದ್ರೂ ಟ್ರಿಪ್ ಆಗಿದೆಯಾ ತಂಗೀ?”

“ಏನೂ ಇಲ್ಲ ಅಣ್ಣ. ಎಲ್ಲ ಸರಿಯಾಗಿದೆ.”

“ಹಂಗಾದ್ರೆ ಇದು ಆ ಹಳೇ ಸತ್ತ ಲೈನೇ. ದಾರಿಯಿಂದ ಎಳೆದು ಹಾಕ್ತೀನಿ ಬಿಡು, ಮಕ್ಕಳು ಓಡಾಡ್ತವೆ.”

ಲೈನು ಸತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಂಬ ಹತ್ತಿದವರು ಯಾಕೆ ಪರೀಕ್ಷೆ ಮಾಡದೆ ಮುಟ್ಟಿದರು ಎಂದು ವಿಚಾರಣೆಯವರು ಕೇಳಿದರು. ಇಪ್ಪತ್ತೆರಡು ವರ್ಷ ಹತ್ತಿದ್ದರಿಂದಲೇ ಮುಟ್ಟಿದರು. ಜೀವವಿರುವ ಲೈನು ಬಿದ್ದರೆ ಟ್ರಿಪ್ ಆಗಲೇಬೇಕು ಎಂಬುದು ಅವರ ಕಸುಬಿನ ನಂಬಿಕೆ. ಹೊಸಬನಾಗಿದ್ದರೆ ಹೆದರಿ ದೂರ ನಿಲ್ಲುತ್ತಿದ್ದ. ಆಸ್ಪತ್ರೆಯಲ್ಲಿ ಅವರ ಬಲಗೈಯನ್ನು ಮೊಣಕೈಯವರೆಗೆ ತೆಗೆದರು. ಈಗ ಅದೇ ಸಬ್‌ಸ್ಟೇಷನ್ನಿನಲ್ಲಿ ಕೂತು ಎಡಗೈಯಲ್ಲಿ ದಿನಚರಿ ಪುಸ್ತಕ ತುಂಬುತ್ತಾರೆ. ಅಕ್ಷರ ಇನ್ನೂ ಅಂಕುಡೊಂಕು.

ಅಕ್ಕ ತಿಂಗಳುಗಟ್ಟಲೆ ಅವರ ಮುಖ ನೋಡಿ ಮಾತಾಡಲಿಲ್ಲ. ಕೊನೆಗೆ ಅವರೇ ಕರೆದು, “ಸುಳ್ಳು ಹೇಳಿದ್ದು ನೀನಲ್ಲ ಕಣಮ್ಮ, ಆ ಡಬ್ಬಿ. ಹೋಗು, ಓದ್ಕೊಂಡು ಬಾ. ಬಂದು ಆ ಡಬ್ಬಿಗೆ ನಿಜ ಹೇಳೋದು ಕಲಿಸು” ಅಂದರು. ಅವಳು ಪ್ರವೇಶ ಪರೀಕ್ಷೆ ಬರೆದಳು, ಸೀಟು ಗಿಟ್ಟಿಸಿದಳು. ಅವಳ ಇಲಾಖೆ ಎರಡು ವರ್ಷ ರಜೆ ಕೊಟ್ಟಿತು, ಸಂರಕ್ಷಣೆಯನ್ನೇ ಓದಬೇಕೆಂಬ ಷರತ್ತಿನ ಮೇಲೆ. ತರಗತಿ ಶುರುವಾಗಿ ಮೂರು ವಾರಕ್ಕೆ ನಿಮ್ಮ ಆದೇಶ ಬಂತು.

ಈಗ ‘ಐಚ್ಛಿಕ’ ಎಂಬ ಪದಕ್ಕೆ ಬರೋಣ. ಇಚ್ಛೆಯಿಂದ ಹುಟ್ಟಿದ ಪದ ಅದು. ಯಾರ ಇಚ್ಛೆ ಎಂದು ಮಾತ್ರ ನಿಮ್ಮ ಕೈಪಿಡಿ ಹೇಳುವುದಿಲ್ಲ. ಅದರಲ್ಲಿ ಏಳು ಐಚ್ಛಿಕ ಶಾಖೆಗಳಿವೆ: ವಿದ್ಯುತ್ ಯಂತ್ರಗಳು, ಪವರ್ ಎಲೆಕ್ಟ್ರಾನಿಕ್ಸ್, ನಿಯಂತ್ರಣ ವ್ಯವಸ್ಥೆ, ಅಧಿಕ ವೋಲ್ಟೇಜ್, ಸೌರ ಮತ್ತು ಪವನ ಶಕ್ತಿ, ವಿದ್ಯುತ್ ವಾಹನ, ವಿದ್ಯುತ್ ಜಾಲ ಸಂರಕ್ಷಣೆ. ಓದಿದರೆ ಬಾಯಲ್ಲಿ ನೀರೂರುತ್ತದೆ. ನಡೆಯುತ್ತಿರುವುದು ಎರಡು. ಹೋಟೆಲಿನಲ್ಲಿ ಹೀಗಾದರೆ ಗಿರಾಕಿ ಎದ್ದು ಪಕ್ಕದ ಹೋಟೆಲಿಗೆ ಹೋಗುತ್ತಾನೆ. ನೀವು ಮೊದಲು ಅವನ ಮೂಲ ಅಂಕಪಟ್ಟಿ ಕಸಿದಿಟ್ಟುಕೊಂಡು ಆಮೇಲೆ ಇದ್ದದ್ದು ಎರಡೇ ಎನ್ನುತ್ತೀರಿ.

ಹತ್ತು ಮಂದಿ ಇಲ್ಲದ ಶಾಖೆ ನಡೆಸುವಂತಿಲ್ಲ ಎಂಬುದು ನಿಯಮ. ಸಂರಕ್ಷಣೆಗೆ ಬಂದವರು ಮೂವರು. ‘ಬೇಡಿಕೆ ಇಲ್ಲ’ ಎಂದು ಬರೆದಿದ್ದೀರಿ. ಬೇಡಿಕೆಯನ್ನು ಎಲ್ಲಿ ನಿಂತು ಎಣಿಸಿದಿರಿ ಸ್ವಾಮಿ? ತರಗತಿಯ ಬೆಂಚುಗಳನ್ನು ಎಣಿಸಿದರೆ ಮೂರೇ ಸಿಗುತ್ತದೆ. ತಂತಿಯ ಕೆಳಗೆ ನಡೆದು ಹೋಗುವವರನ್ನು ಎಣಿಸಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಅವರ ಹತ್ತಿರ ನಿಮ್ಮ ಅರ್ಜಿ ನಮೂನೆ ಇಲ್ಲ, ಅಷ್ಟೇ. ಕಡಿದ ತಂತಿಯಂತೂ ಹತ್ತು ಮಂದಿ ಸೇರಲಿ ಎಂದು ಕಾಯುವುದಿಲ್ಲ, ಒಬ್ಬರು ಸಿಕ್ಕಿದರೆ ಅದಕ್ಕೆ ಸಾಕು.

ಕಲಿಸಲು ಏನೂ ಇಲ್ಲವೇ ಎಂದು ನೋಡಲು ಸಂರಕ್ಷಣೆಯ ಪ್ರಯೋಗಾಲಯಕ್ಕೂ ಹೋದೆವು. ಬೀಗದ ಕೈ ಇಟ್ಟುಕೊಂಡಿರುವ ಸಹಾಯಕರು ಒಳ್ಳೆಯವರು, ಬಾಗಿಲು ತೆಗೆದು ತೋರಿಸಿದರು. ಗೋಡೆಯುದ್ದಕ್ಕೂ ಮೂರು ವರ್ಷದ ಹಿಂದೆ ತರಿಸಿದ ಹೊಸ ರಿಲೇಗಳು, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿಲ್ಲ. “ವರ್ಷಕ್ಕೆ ಎರಡು ಸಲ ತೆಗೀತೀನಿ” ಅಂದರು. “ತಪಾಸಣೆಯವರು ಬಂದಾಗ ಒಂದ್ಸಲ, ಕೈಪಿಡಿಗೆ ಫೋಟೋ ಹೊಡೆಯೋಕೆ ಒಂದ್ಸಲ.” ಹಾಗಾದರೆ ಸಂರಕ್ಷಣೆಯ ಪಾಠ ಮಾಡುವವರು? “ಮೇಡಂ ಇದ್ದಾರಲ್ಲ, ಮೇಲಿನ ಮಹಡೀಲಿ. ಈ ವರ್ಷ ಅವರಿಗೆ ಸಂವಹನ ಕೌಶಲ ಕೊಟ್ಟಿದ್ದಾರೆ.” ಹದಿನೆಂಟು ವರ್ಷ ರಿಲೇ ಕಲಿಸಿದವರು ಈಗ ಮಕ್ಕಳಿಗೆ ಕೈಕುಲುಕುವುದು ಹೇಗೆಂದು ಕಲಿಸುತ್ತಿದ್ದಾರೆ. ಅವರನ್ನು ಮಾತಾಡಿಸಿದೆವು. ಮೂವರಿಗೂ ಪಾಠ ಮಾಡಲು ತಾವು ತಯಾರೆಂದು ಆಗಲೇ ನಿಮಗೆ ಎರಡು ಸಲ ಬರೆದುಕೊಟ್ಟಿದ್ದಾರಂತೆ. ಸಂವಹನ ಕೌಶಲ ನಿಜವಾಗಿ ಬೇಕಾಗಿರುವುದು ಯಾರಿಗೆ ಎಂದು ನಾನು ಕೇಳುವುದಿಲ್ಲ.

ಅಕ್ಕನ ಮನವಿಗೆ ನಿಮ್ಮಿಂದ ಉತ್ತರವೇನೋ ಬಂದಿದೆ, ಇಲ್ಲವೆನ್ನಲಾರೆ. ‘ಅಭ್ಯರ್ಥಿಗೆ ಅನ್ಯ ಆಯ್ಕೆಗಳು ಮುಕ್ತವಾಗಿವೆ.’ ಹೌದು, ಒಂದೊಂದನ್ನೂ ತಟ್ಟಿ ನೋಡಿದೆವು. ಕೆಲಸದಲ್ಲಿರುವವರಿಗೆಂದೇ ಇರುವ ಅರೆಕಾಲಿಕ ಪದವಿಯ ತರಗತಿಗಳು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ವಾರದ ಐದು ದಿನ. ಯಾವ ಗ್ರಹದಲ್ಲಿ ಕೆಲಸದಲ್ಲಿರುವವರಿಗೋ ತಿಳಿಯದು. ಸಂಶೋಧನಾ ಪದವಿಗೆ ಮಾರ್ಗದರ್ಶಕರು ಬೇಕು. ಕಳೆದ ಮೂರು ವರ್ಷ ಆ ವಿಷಯವನ್ನು ಕಲಿಸಿದವರು ಮಾತ್ರ ಮಾರ್ಗದರ್ಶಕರಾಗಬಹುದು. ಮೂರು ವರ್ಷದಿಂದ ಆ ವಿಷಯವನ್ನು ನಡೆಯಲು ಬಿಡದವರು ನೀವು. ದೂರಶಿಕ್ಷಣದಲ್ಲಿ ಈ ಶಾಖೆಯಿದೆ, ಪ್ರಯೋಗಾಲಯವಿಲ್ಲ. ರಿಲೇಯನ್ನು ಚಿತ್ರದಲ್ಲಿ ನೋಡಿ ಕಲಿಯಬೇಕು. ಇಷ್ಟೊಂದು ಬಾಗಿಲುಗಳನ್ನು ಬಿಡಿಸಿ, ಎಲ್ಲದರ ಹಿಂದೆ ಗೋಡೆ ಕಟ್ಟಿಸಿದ ನಿಮ್ಮ ಶ್ರಮ ಸಣ್ಣದಲ್ಲ.

ಶುಕ್ರವಾರ ಸಂಜೆ ನಾಲ್ಕರೊಳಗೆ ಅಕ್ಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹಾಕಿದರೆ ಇಲಾಖೆ ಕೊಟ್ಟ ರಜೆ ರದ್ದು. ಹಾಕದಿದ್ದರೆ ನೀವು ಕೊಟ್ಟ ಸೀಟು ರದ್ದು. “ಎರಡರಲ್ಲಿ ಯಾವುದು?” ಎಂದು ನಿನ್ನೆ ಕೇಳಿದೆ. ತಟ್ಟೆ ತೊಳೆಯುತ್ತಿದ್ದವಳು ತಿರುಗಿಯೂ ನೋಡದೆ, “ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಅವತ್ತು ಫೋನಲ್ಲಿ ಹೇಳಿದ್ದೇ ಸಾಕು, ಇನ್ನೊಂದು ಸಲ ಅದಕ್ಕೆ ಸಹಿ ಹಾಕಲ್ಲ ಕಣೋ” ಅಂದಳು.

ಆದ್ದರಿಂದ ನನ್ನ ಬೇಡಿಕೆ. ಶುಕ್ರವಾರಕ್ಕೆ ಮೊದಲು ಆ ತತ್ಸಮಾನದ ಆದೇಶವನ್ನು ಹಿಂತೆಗೆದುಕೊಳ್ಳಿ. ಮೂವರಿಗೆ ಶಾಖೆ ತೆರೆಯಿರಿ. ಮೇಡಂ ಇದ್ದಾರೆ, ರಿಲೇಗಳಿವೆ, ನಿಮ್ಮ ಒಂದು ಸಹಿ ಬಿಟ್ಟರೆ ಇಲ್ಲದ್ದು ಯಾವುದೂ ಇಲ್ಲ. ಅದಾಗುವುದಿಲ್ಲ ಎಂದಾದರೆ ಇನ್ನೊಂದು ಕೆಲಸ ಮಾಡಿ. ಸೋಮವಾರ ಅಕ್ಕ ಮತ್ತೆ ಅದೇ ಪ್ಯಾನೆಲ್ಲಿನ ಮುಂದೆ ಕೂತಿರುತ್ತಾಳೆ. ಎಲ್ಲಿಂದಲೋ ಯಾರೋ ಒಬ್ಬ ಲೈನ್‌ಮನ್ ಫೋನು ಮಾಡಿ, ಬಿದ್ದ ತಂತಿಯ ಪಕ್ಕ ನಿಂತು, ಮುಟ್ಟಲೇ ಎಂದು ಕೇಳುತ್ತಾನೆ. ಅವಳು ಏನು ಹೇಳಬೇಕು? ನಿಮ್ಮ ಐವರು ಸದಸ್ಯರ ಸಮಿತಿ ಸಭೆ ಸೇರಿ, ಆ ಒಂದು ವಾಕ್ಯವನ್ನು ಬರೆದು, ಕೆಳಗೆ ಐದೂ ಮಂದಿ ಸಹಿ ಹಾಕಿ, ಮೊಹರು ಒತ್ತಿ ಕಳುಹಿಸಿ. ಅವಳು ಅದನ್ನೇ ಓದಿ ಹೇಳುತ್ತಾಳೆ.

ಇಂತಿ,
ಇದನ್ನು ಪತ್ರಿಕೆಗೆ ಕೊಟ್ಟಿದ್ದಕ್ಕೆ ಮನೆಯಲ್ಲಿ ಚೆನ್ನಾಗಿ ಬೈಸಿಕೊಳ್ಳಲಿರುವ
ತಮ್ಮ